ಈಜುಡುಗೆಯ ಶರ್ಮಿಳಾ, ಈಜುಡುಗೆಯ ಜಯಂತಿ: ಬದಲಾದದ್ದೇನು?

ಪ್ರಶ್ನೆ: 1966ರಲ್ಲಿ ಶರ್ಮಿಳಾ ಟ್ಯಾಗೋರ್ ಬಿಕಿನಿ ತೊಟ್ಟು ಸಿನಿಮಾ ಪತ್ರಿಕೆಯ ಮುಖಪುಟದಲ್ಲಿ ಕಾಣಿಸಿಕೊಂಡದ್ದು ಹೆಣ್ಣಿನ ಬಗ್ಗೆ ಸಮಾಜಕ್ಕಿದ್ದ ಧೋರಣೆಯನ್ನೇ ಅಲುಗಾಡಿಸಿತು ಎಂದು ಓದಿದೆ. ನನಗದು ಒಪ್ಪಿಗೆಯಾಗಲಿಲ್ಲ. ಮೈ ತೋರಿಸಿದ್ದರಿಂದ ಪತ್ರಿಕೆ ಮಾರಾಟವಾಗಿರಬಹುದು, ಹೆಣ್ಣಿಗೆ ಅದರಿಂದ ಸಿಕ್ಕಿದ್ದೇನು? ಅಲ್ಲದೆ ನಮ್ಮ ಜಯಂತಿಯವರು ಅದಕ್ಕೂ ಮೊದಲೇ ಕನ್ನಡ ಚಿತ್ರದಲ್ಲಿ ಈಜುಡುಗೆ ತೊಟ್ಟಿದ್ದರಲ್ಲ, ಆ ಮಾತನ್ನು ಯಾರೂ ಎತ್ತುವುದಿಲ್ಲ ಏಕೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಉಡುಗೆ ಕಿರಿದಾದಷ್ಟೂ ಹೆಣ್ಣಿನ ಸ್ವಾತಂತ್ರ್ಯ ಹಿರಿದಾಗುತ್ತದೆ ಎಂಬ ಲೆಕ್ಕಾಚಾರವನ್ನು ನೀವು ಒಪ್ಪದಿರುವುದು ಸರಿಯಾಗಿಯೇ ಇದೆ. ನಾನೂ ಒಪ್ಪುವುದಿಲ್ಲ. ಆದರೆ ಶರ್ಮಿಳಾ ಅವರ ವಿಷಯದಲ್ಲಿ ಆ ಚಿತ್ರದಿಂದ ಏನೂ ಆಗಲಿಲ್ಲ ಎನ್ನುವ ತೀರ್ಮಾನಕ್ಕೆ ಬರುವ ಮೊದಲು ಅದು ನಿಜಕ್ಕೂ ಯಾವುದಕ್ಕೆ ಪೆಟ್ಟು ಕೊಟ್ಟಿತು ಎಂಬುದನ್ನು ಬೇರ್ಪಡಿಸಿ ನೋಡಬೇಕು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಗರತಿಯನ್ನು ಒಂದು ಕಡೆ, ಬೆಡಗಿಯನ್ನು ಇನ್ನೊಂದು ಕಡೆ ಇಟ್ಟು, ಎರಡರ ನಡುವೆ ಗೆರೆ ಎಳೆದು ಬದುಕುತ್ತಿದ್ದ ಒಂದು ಸಮಾಜದಲ್ಲಿ, ಒಬ್ಬಳೇ ಹೆಣ್ಣು ಆ ಗೆರೆಯ ಎರಡೂ ಬದಿಯಲ್ಲಿ ತನ್ನ ಸ್ವಂತ ಹೆಸರಿನಲ್ಲಿ ನಿಂತಳು, ನಿಂತ ಮೇಲೂ ಅವಳ ಬದುಕು ಕೆಡಲಿಲ್ಲ. ಪೆಟ್ಟು ಬಿದ್ದದ್ದು ಆ ಗೆರೆಗೆ. ಅದು ಅಳಿಸಿಹೋಯಿತೆಂದು ಮಾತ್ರ ನಾನು ಹೇಳಲಾರೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಭಾರತೀಯ ನಟಿಯೊಬ್ಬಳು ಈಜುಡುಗೆಯಲ್ಲಿ ಕಾಣಿಸಿಕೊಂಡದ್ದು 1966ರಲ್ಲೇ ಮೊದಲೇನೂ ಅಲ್ಲ. 1938ರಲ್ಲಿ ಬಂದ ಮರಾಠಿಯ 'ಬ್ರಹ್ಮಚಾರಿ' ಚಿತ್ರದಲ್ಲಿ ಮೀನಾಕ್ಷಿ ಶಿರೋಡ್ಕರ್ ಈಜುಡುಗೆ ತೊಟ್ಟು ನೀರಿಗಿಳಿದು ಹಾಡಿದ್ದರು. ಮದುವೆಯನ್ನೇ ತೊರೆದು ಬ್ರಹ್ಮಚರ್ಯದ ವ್ರತ ಹಿಡಿದ ತರುಣನನ್ನು ಗೇಲಿ ಮಾಡುವ ಆ ಹಾಸ್ಯಚಿತ್ರವನ್ನು ಬರೆದವರು ಪಿ. ಕೆ. ಅತ್ರೆ. 1950ರ 'ಸಂಗ್ರಾಮ್'ನಲ್ಲಿ ನಳಿನಿ ಜಯವಂತ್, 1958ರ 'ದಿಲ್ಲಿ ಕಾ ಠಗ್'ನಲ್ಲಿ ನೂತನ್, 1964ರ 'ಸಂಗಮ್'ನಲ್ಲಿ ವೈಜಯಂತಿಮಾಲಾ, ಹೀಗೆ ಪಟ್ಟಿ ಬೆಳೆಯುತ್ತದೆ. ಇವರಲ್ಲಿ ಯಾರೂ ಸಾಧಾರಣ ನಟಿಯರಲ್ಲ. ನೂತನ್ ಆ ಚಿತ್ರದ ಮರುವರ್ಷವೇ 'ಸುಜಾತಾ'ದ ದಲಿತ ಹುಡುಗಿಯಾಗಿ ಪ್ರೇಕ್ಷಕರ ಕಣ್ಣಲ್ಲಿ ನೀರು ತರಿಸಿದವರು. ವೈಜಯಂತಿಮಾಲಾ ಭರತನಾಟ್ಯದ ಪ್ರೌಢ ಕಲಾವಿದೆ. ಹಾಗಿದ್ದ ಮೇಲೆ ಗದ್ದಲವೆಲ್ಲ ಶರ್ಮಿಳಾ ಅವರ ತಲೆಗೇ ಏಕೆ ಕಟ್ಟಿತು?

ಬಿಕಿನಿ ಎರಡು ತುಂಡಿನದಾಗಿತ್ತು, ಹಿಂದಿನವು ಒಂದು ತುಂಡಿನವು ಎಂದು ಕೆಲವರು ವಿವರಿಸುತ್ತಾರೆ. ಅದು ಕಾರಣದ ಒಂದು ಭಾಗ ಮಾತ್ರ ಎಂದು ನನಗನ್ನಿಸುತ್ತದೆ. ಚಿತ್ರದೊಳಗಿನ ಈಜುಡುಗೆಗೆ ಯಾವಾಗಲೂ ಒಂದು ನೆಪವಿರುತ್ತದೆ. ಪಾತ್ರ ಹಾಗಿದೆ, ನಿರ್ದೇಶಕರು ಹೇಳಿದರು, ಹಾಡಿಗೆ ಬೇಕಾಗಿತ್ತು, ನಾಯಕ ಕದ್ದು ನೋಡುವ ಸನ್ನಿವೇಶವಿತ್ತು ಎಂದು ಹೊಣೆಯನ್ನು ಯಾರ ಮೇಲಾದರೂ ಹೊರಿಸಬಹುದು. 1966ರ ಆಗಸ್ಟ್‌ನ 'ಫಿಲ್ಮ್‌ಫೇರ್' ಮುಖಪುಟದಲ್ಲಿ ಅಂಥ ನೆಪ ಯಾವುದೂ ಇರಲಿಲ್ಲ. ಅಲ್ಲಿ ಪಾತ್ರವಿಲ್ಲ, ಕಥೆಯಿಲ್ಲ, ಇಣುಕಿ ನೋಡುವ ನಾಯಕನಿಲ್ಲ. ಅಲ್ಲಿದ್ದವರು ಶರ್ಮಿಳಾ ಟ್ಯಾಗೋರ್ ಎಂಬ ಹೆಸರಿನ ತರುಣಿ. ಇನ್ನೊಂದು ಸಂಗತಿಯನ್ನು ಅವರೇ ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಆ ಉಡುಪನ್ನು ತಾವೇ ಆರಿಸಿಕೊಂಡು ಒಯ್ದಿದ್ದರಂತೆ. ಅದನ್ನು ಕಂಡ ಛಾಯಾಗ್ರಾಹಕರು ಗಾಬರಿಯಾಗಿ, ನಿಜವಾಗಿಯೂ ಇದನ್ನೇ ತೊಡುತ್ತೀರಾ ಎಂದು ಕೇಳಿದರಂತೆ. ಹಿಂಜರಿದವರು ಕ್ಯಾಮೆರಾದ ಹಿಂದಿದ್ದ ಗಂಡಸು, ನಿರಾಳವಾಗಿದ್ದವರು ಅದರ ಮುಂದಿದ್ದ ಹೆಂಗಸು. ಯಾರೋ ಬಲವಂತ ಮಾಡಿ, ಆಸೆ ತೋರಿಸಿ, ಪಾಪದ ಹುಡುಗಿಯನ್ನು ಹೀಗೆ ನಿಲ್ಲಿಸಿದರು ಎಂದು ಮರುಗುವುದಕ್ಕೂ ಜನರಿಗೆ ಅವಕಾಶ ಉಳಿಯಲಿಲ್ಲ.

ಪ್ರತಿಕ್ರಿಯೆ ಜೋರಾಗಿಯೇ ಬಂತು. ಸಂಸತ್ತಿನಲ್ಲಿಯೂ ಈ ಬಗ್ಗೆ ಪ್ರಶ್ನೆ ಎದ್ದಿತು ಎಂದು ಶರ್ಮಿಳಾ ನೆನಪಿಸಿಕೊಳ್ಳುತ್ತಾರೆ. ಪರಸ್ಥಳದಲ್ಲಿದ್ದ ಅವರಿಗೆ ನಿರ್ದೇಶಕ ಶಕ್ತಿ ಸಾಮಂತ ಕರೆ ಮಾಡಿ, ಕೂಡಲೇ ಮುಂಬಯಿಗೆ ಬರುವಂತೆ ಹೇಳಿದರಂತೆ. ಕ್ರಿಕೆಟ್ ನಾಯಕ ಮನ್ಸೂರ್ ಅಲಿ ಖಾನ್ ಪಟೌಡಿ ಮಾತ್ರ, ಚೆನ್ನಾಗಿ ಕಾಣುತ್ತೀಯ, ಚಿಂತೆ ಬಿಡು ಎಂಬರ್ಥದ ತಂತಿ ಕಳಿಸಿದರಂತೆ. ಮರುವರ್ಷ, ಅಂದರೆ 1967ರಲ್ಲಿ, 'ಆ್ಯನ್ ಈವ್ನಿಂಗ್ ಇನ್ ಪ್ಯಾರಿಸ್' ತೆರೆಕಂಡಾಗ ಅವರ ಈಜುಡುಗೆಯ ಚಿತ್ರವಿದ್ದ ದೊಡ್ಡ ಜಾಹೀರಾತು ಫಲಕಗಳು ಮುಂಬಯಿಯಲ್ಲಿ ಎದ್ದವು. ಪಟೌಡಿಯವರ ತಾಯಿ ಊರಿಗೆ ಬರುತ್ತಾರೆಂಬ ಸುದ್ದಿ ತಿಳಿದು, ಅವರ ಕಣ್ಣಿಗೆ ಬೀಳುವ ಮೊದಲೇ ಫಲಕವನ್ನು ಇಳಿಸುವ ಏರ್ಪಾಡು ಮಾಡಿದ ಕಥೆಯನ್ನೂ ಶರ್ಮಿಳಾ ನಗುತ್ತಲೇ ಹೇಳುತ್ತಾರೆ. ಇಡೀ ದೇಶದ ಮುಂದೆ ಎದೆಗುಂದದ ಹೆಣ್ಣು ಅತ್ತೆಯಾಗಲಿರುವವರ ಎದುರು ಅಳುಕಿದ ಈ ಪ್ರಸಂಗ ನನಗೆ ಬಹಳ ಇಷ್ಟ. ಧೋರಣೆಗಳು ಎಲ್ಲಿ ಬಿಗಿಯಾಗಿ ಕುಳಿತಿರುತ್ತವೆ ಎಂಬುದನ್ನು ಅದು ಯಾವ ಸಿದ್ಧಾಂತಕ್ಕಿಂತಲೂ ಚೆನ್ನಾಗಿ ತೋರಿಸುತ್ತದೆ. ಆ ಅತ್ತೆ ಸಾಜಿದಾ ಸುಲ್ತಾನ್ ಬೇಗಂ ಭೋಪಾಲದ ರಾಜಮನೆತನದವರು, 1819 ಮತ್ತು 1926ರ ನಡುವೆ ನಾಲ್ವರು ಬೇಗಂಗಳು ರಾಜ್ಯವಾಳಿದ ವಂಶದ ಕುಡಿ. ಹೆಣ್ಣಿನ ಅಧಿಕಾರ ಆ ಮನೆಗೆ ಹೊಸದೇನೂ ಆಗಿರಲಿಲ್ಲ. ಮದುವೆ 1968ರ ಡಿಸೆಂಬರಿನಲ್ಲಿ ನಡೆಯಿತು.

ಅದೇ 1966ನ್ನು ಇನ್ನೂ ಸ್ವಲ್ಪ ಹತ್ತಿರದಿಂದ ನೋಡಿ. ಜನವರಿಯಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾದರು. ನವೆಂಬರಿನಲ್ಲಿ ಮುಂಬಯಿಯ ವೈದ್ಯವಿದ್ಯಾರ್ಥಿನಿ ರೀಟಾ ಫಾರಿಯಾ ಲಂಡನ್ನಿನಲ್ಲಿ ವಿಶ್ವಸುಂದರಿ ಕಿರೀಟ ಗೆದ್ದರು. ಆ ಪಟ್ಟ ಪಡೆದ ಏಷ್ಯಾದ ಮೊದಲ ಹೆಣ್ಣುಮಗಳು ಅವರು, ಮುಂದೆ ಬಣ್ಣದ ಲೋಕಕ್ಕೆ ಬೆನ್ನು ಹಾಕಿ ವೈದ್ಯೆಯೇ ಆದರು. ಅದೇ ವರ್ಷ ಬಂದ 'ಫೂಲ್ ಔರ್ ಪತ್ಥರ್' ಚಿತ್ರದಲ್ಲಿ ಧರ್ಮೇಂದ್ರ ಅಂಗಿ ಕಳಚಿ ಬರಿ ಮೈಯಲ್ಲಿ ನಿಂತರು; ಆ ಒಂದು ದೃಶ್ಯದಿಂದ ಅವರಿಗೆ ಗಂಡುಗಲಿಯ ಪಟ್ಟ ಬಂತು, ದೊಡ್ಡ ತಾರೆಯಾದರು. ಅವರ ಎದೆಯ ಬಗ್ಗೆ ಯಾವ ಸಭೆಯಲ್ಲೂ ಪ್ರಶ್ನೆ ಎದ್ದದ್ದನ್ನು ನಾನು ಕೇಳಿಲ್ಲ. ಗಂಡಸು ಮೈ ತೋರಿಸಿದರೆ ಶೌರ್ಯ, ಹೆಂಗಸು ತೋರಿಸಿದರೆ ಶೀಲದ ಪ್ರಶ್ನೆ ಎಂಬ ತಾರತಮ್ಯ ಒಂದೇ ವರ್ಷದೊಳಗೆ ಇಷ್ಟು ಸ್ಪಷ್ಟವಾಗಿ ಎದುರುಬದುರಾಗಿ ಸಿಗುವುದು ಅಪರೂಪ.

ಈ ಶೀಲದ ಪ್ರಶ್ನೆ ನಮ್ಮ ಸಿನಿಮಾದಷ್ಟೇ ಹಳೆಯದು. 1913ರಲ್ಲಿ ದಾದಾಸಾಹೇಬ್ ಫಾಲ್ಕೆ 'ರಾಜಾ ಹರಿಶ್ಚಂದ್ರ' ತೆಗೆದಾಗ ತಾರಾಮತಿಯ ಪಾತ್ರಕ್ಕೆ ಹೆಂಗಸರೇ ಸಿಗದೆ ಸಾಳುಂಕೆ ಎಂಬ ಗಂಡಸಿಗೆ ಸೀರೆ ಉಡಿಸಬೇಕಾಯಿತು. ಕುಲಸ್ತ್ರೀಯರಿರಲಿ, ಮಾನವಂತರು ದೂರವಿಟ್ಟಿದ್ದ ಕೇರಿಯ ಹೆಂಗಸರೂ ಕ್ಯಾಮೆರಾದ ಮುಂದೆ ಬರಲು ಒಪ್ಪಲಿಲ್ಲ. ಮುಂದೆ ಬಂದವರಲ್ಲಿ ಅನೇಕರು ಹಾಡು ಕುಣಿತದ ಪರಂಪರೆಯ ಮನೆಗಳವರು. 1930ರ ದಶಕದಲ್ಲಿ ದುರ್ಗಾ ಖೋಟೆಯಂಥ ಸುಶಿಕ್ಷಿತ ಮನೆತನದ ಹೆಣ್ಣುಮಗಳು ನಟಿಸಿದ್ದೇ ದೊಡ್ಡ ಸುದ್ದಿಯಾಯಿತು. ಇಂಥ ಹಿನ್ನೆಲೆಯಿಂದಾಗಿ ಚಿತ್ರರಂಗ ತನ್ನ ಮರ್ಯಾದೆ ಉಳಿಸಿಕೊಳ್ಳಲು ಹೆಣ್ಣನ್ನು ಇಬ್ಭಾಗ ಮಾಡಿತು. ಸೀರೆಯುಟ್ಟು, ತಲೆ ತಗ್ಗಿಸಿ, ನಾಯಕನಿಗಾಗಿ ಕಾಯುವ ನಾಯಕಿ ಒಬ್ಬಳು. ಕ್ಲಬ್ಬಿನಲ್ಲಿ ಮದ್ಯದ ಲೋಟ ಹಿಡಿದು ಕುಣಿಯುವ, ಕಥೆ ಮುಗಿಯುವುದರೊಳಗೆ ಗುಂಡಿಗೆ ಬಲಿಯಾಗುವ ಬೆಡಗಿ ಇನ್ನೊಬ್ಬಳು. ಈ ಎರಡನೆಯ ಪಾತ್ರಗಳಿಗೆ ಹೆಲೆನ್ ಅವರಂಥ ಅಪ್ರತಿಮ ನರ್ತಕಿ ತಮ್ಮ ಯೌವನವನ್ನೇ ಸವೆಸಿದರು. ಪ್ರೇಕ್ಷಕನಿಗೆ ಇದು ಬಹಳ ಅನುಕೂಲದ ಏರ್ಪಾಡು: ಒಬ್ಬಳನ್ನು ಕಣ್ತುಂಬ ನೋಡಿ, ಇನ್ನೊಬ್ಬಳನ್ನು ಮನೆಗೆ ಸೊಸೆಯಾಗಿ ಬಯಸಬಹುದಿತ್ತು. ಆ ಕಾಲದ ಕ್ಷೌರದ ಅಂಗಡಿಗಳ ಗೋಡೆಯಲ್ಲಿ ಲಕ್ಷ್ಮಿಯ ಕ್ಯಾಲೆಂಡರೂ ನಟಿಯ ಕ್ಯಾಲೆಂಡರೂ ಅಕ್ಕಪಕ್ಕದಲ್ಲೇ ತೂಗುತ್ತಿದ್ದವು. ಎರಡಕ್ಕೂ ಬೇರೆ ಬೇರೆ ಮೊಳೆ ಇದ್ದರೆ ಸಾಕಾಗಿತ್ತು.

ಶರ್ಮಿಳಾ ಅವರ ವಿಶೇಷವೆಂದರೆ ಲಕ್ಷ್ಮಿಯ ಮೊಳೆಗೂ ತೂಗುಹಾಕಿಸಿಕೊಂಡು ಬಂದವರು ಅವರು. 1959ರ 'ಅಪುರ್ ಸಂಸಾರ್'ನಲ್ಲಿ ನಿರ್ದೇಶಕ ಸತ್ಯಜಿತ್ ರಾಯ್, ಶರ್ಮಿಳಾ ಅವರನ್ನು ಕಥಾನಾಯಕ ಅಪುವಿನ ಎಳೆಯ ಹೆಂಡತಿಯಾಗಿ ಪರಿಚಯಿಸಿದರು. ಆಗ ಅವರಿನ್ನೂ ಶಾಲೆಗೆ ಹೋಗುವ ಹುಡುಗಿ. ಅಂಥ ಗಂಭೀರ ಚಿತ್ರದಲ್ಲಿ, ಮೈತುಂಬ ಸೀರೆಯುಟ್ಟು ನಟಿಸಿದರೂ ಇತರ ಹುಡುಗಿಯರು ಕೆಡುತ್ತಾರೆಂಬ ಭಯದಿಂದ ಅವರು ಓದುತ್ತಿದ್ದ ಶಾಲೆ ಅವರನ್ನು ಇಟ್ಟುಕೊಳ್ಳಲು ಒಪ್ಪಲಿಲ್ಲ. ಉಡುಗೆಯೇ ಸಮಸ್ಯೆ ಎನ್ನುವವರು ಈ ಸಂಗತಿಯನ್ನು ಮರೆಯಬಾರದು. 1960ರ 'ದೇವಿ'ಯಲ್ಲಿ ಅವರದು ದಯಾಮಯಿಯ ಪಾತ್ರ. ಮಾವನಿಗೆ ಕನಸು ಬೀಳುತ್ತದೆ, ಸೊಸೆ ಸಾಕ್ಷಾತ್ ಕಾಳಿಯ ಅವತಾರ ಎಂದು. ಅವನು ಬಂದು ಆ ಹುಡುಗಿಯ ಕಾಲಿಗೆ ಎರಗುತ್ತಾನೆ. ಕ್ಯಾಮೆರಾ ಅವಳ ಪಾದಗಳನ್ನು ತೋರಿಸುತ್ತದೆ: ಬೆರಳುಗಳು ಮುದುಡಿಕೊಳ್ಳುತ್ತವೆ. ಅವಳು ಗೋಡೆಯ ಕಡೆಗೆ ಮುಖ ತಿರುಗಿಸಿಬಿಡುತ್ತಾಳೆ. ಹೆಣ್ಣನ್ನು ಪೀಠದ ಮೇಲೆ ಕೂರಿಸಿ ಪೂಜಿಸುವುದೂ ಅವಳ ಉಸಿರು ಕಟ್ಟಿಸುವ ಬಗೆಯೇ ಎಂಬುದನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ಇನ್ನೊಂದು ದೃಶ್ಯ ನನಗೆ ನೆನಪಾಗುವುದಿಲ್ಲ. ದೇವಿಯಾಗಿ ಆರತಿ ಎತ್ತಿಸಿಕೊಂಡ ಅದೇ ಮುಖ ಆರು ವರ್ಷಗಳ ಮೇಲೆ ಬಿಕಿನಿಯಲ್ಲಿ ನಗುತ್ತಾ ನಿಂತಿತು ಎಂಬುದೇ ನೋಡುಗರಿಗೆ ಅರಗದೇ ಹೋದದ್ದು.

ಅಷ್ಟೇ ಆಗಿದ್ದರೆ, ಹಳೆಯ ಶರ್ಮಿಳಾ ಸಾತ್ವಿಕೆ, ಹೊಸ ಶರ್ಮಿಳಾ ಹಾದಿ ತಪ್ಪಿದವಳು ಎಂದು ವಿಂಗಡಿಸಿ ಸಮಾಧಾನಪಟ್ಟುಕೊಳ್ಳಬಹುದಿತ್ತು. ಅದಕ್ಕೂ ಅವರು ಅವಕಾಶ ಕೊಡಲಿಲ್ಲ. ಮುಖಪುಟ ಬಂದ ಅದೇ 1966ರಲ್ಲಿ ರಾಯ್ ಅವರ 'ನಾಯಕ್' ಬಂತು. ಅದರಲ್ಲಿ ಅವರು ಅದಿತಿ, ದಪ್ಪ ಚೌಕಟ್ಟಿನ ಕನ್ನಡಕದ ಹಿಂದಿನಿಂದ ಜಗತ್ತನ್ನು ಅಳೆಯುವ, ಮಹಿಳಾ ಪತ್ರಿಕೆಯೊಂದನ್ನು ನಡೆಸುವ ಸಂಪಾದಕಿ. ಕಲ್ಕತ್ತೆಯಿಂದ ದೆಹಲಿಗೆ ಹೋಗುವ ರೈಲಿನ ಊಟದ ಬೋಗಿಯಲ್ಲಿ ಖ್ಯಾತ ನಟನ ಎದುರು ಕುಳಿತು, ಅವನ ಥಳಕಿನ ಹಿಂದಿನ ಭಯಗಳನ್ನು ಒಂದೊಂದಾಗಿ ಹೊರಗೆಳೆಯುತ್ತಾಳೆ. ಬರೆದುಕೊಂಡ ಟಿಪ್ಪಣಿಗಳನ್ನು ಕೊನೆಗೆ ತಾನೇ ಹರಿದು ಹಾಕುತ್ತಾಳೆ. ಅದೇ ವರ್ಷದ ಹೃಷಿಕೇಶ ಮುಖರ್ಜಿಯವರ 'ಅನುಪಮಾ'ದಲ್ಲಿ ಅವರು ಉಮಾ, ತನ್ನ ಹುಟ್ಟಿನೊಂದಿಗೆ ತಾಯಿ ತೀರಿಕೊಂಡಳೆಂಬ ಕಾರಣಕ್ಕೆ ತಂದೆಯ ದ್ವೇಷಕ್ಕೆ ಗುರಿಯಾಗಿ ಮಾತೇ ಆಡದಂತಾದ ಹುಡುಗಿ. ಚಿತ್ರದ ಕೊನೆಯಲ್ಲಿ ಆ ಮನೆಯಿಂದ ಹೊರಡುವ ತೀರ್ಮಾನ ಅವಳದೇ. ಪ್ರಶ್ನೆ ಕೇಳುವ ಸಂಪಾದಕಿ, ಬಾಯಿಬಾರದ ಮಗಳು, ಮುಖಪುಟದ ತರುಣಿ, ಈ ಮೂವರೂ ಒಂದೇ ವರ್ಷದ ಒಬ್ಬಳೇ ನಟಿ. ಇವರಲ್ಲಿ ಯಾರು ನಿಜವಾದ ಶರ್ಮಿಳಾ ಎಂದು ಕೇಳಿದ ಪ್ರೇಕ್ಷಕನಿಗೆ ಉತ್ತರ ಸಿಗಲಿಲ್ಲ. ಹಾಗೆ ಸಿಗದಿದ್ದದ್ದೇ ನಾನು ಮೇಲೆ ಹೇಳಿದ ಪೆಟ್ಟು.

ಮುಂಬಯಿಯ ಚಿತ್ರೋದ್ಯಮಕ್ಕೆ ಈ ಗೊಂದಲದ ಅರಿವಿತ್ತು ಎಂಬುದಕ್ಕೆ 'ಆ್ಯನ್ ಈವ್ನಿಂಗ್ ಇನ್ ಪ್ಯಾರಿಸ್' ಚಿತ್ರವೇ ಸಾಕ್ಷಿ. ಅದರಲ್ಲಿ ಶರ್ಮಿಳಾ ಅವರದು ದ್ವಿಪಾತ್ರ: ಒಳ್ಳೆಯ ಮನೆತನದ ಸಿರಿವಂತ ದೀಪಾ ಒಬ್ಬಳು, ಕಳೆದುಹೋಗಿ ಪ್ಯಾರಿಸ್ಸಿನಲ್ಲಿ ಕ್ಯಾಬರೆ ನರ್ತಕಿಯಾಗಿ ಬೆಳೆದ ಅವಳ ಅವಳಿ ಸೋದರಿ ಸೂಜಿ ಇನ್ನೊಬ್ಬಳು. ಹಳೆಯ ಪದ್ಧತಿಯಂತೆ ಸೂಜಿ ಸಾಯಬೇಕು, ಸಾಯುತ್ತಾಳೆ. ಆದರೆ ಆ ಹೆಸರುವಾಸಿ ಈಜುಡುಗೆ, ಅಂದಹಾಗೆ ಅದು ಒಂದೇ ತುಂಡಿನದು, ಜನ ನೆನಪಿಟ್ಟುಕೊಂಡಂತೆ ಬಿಕಿನಿಯಲ್ಲ, ಯಾರ ಮೈಮೇಲಿದೆ ನೋಡಿ. ನೀರಿನ ಮೇಲೆ ಜಾರುತ್ತಾ ಹೋಗುವವಳು ದೀಪಾ, ಕೊನೆಗೆ ನಾಯಕನ ಕೈ ಹಿಡಿಯುವವಳು. ಕಥೆ ಎಷ್ಟೇ ಹಳೆಯ ಗೆರೆ ಎಳೆದರೂ ಉಡುಗೆ ಆ ಗೆರೆಯನ್ನು ದಾಟಿ ನಾಯಕಿಯ ಪೆಟ್ಟಿಗೆಗೆ ಬಂದು ಸೇರಿತ್ತು.

ಇದರ ನಂತರದ್ದೇ ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯ, ಆದರೆ ಇದರ ಬಗ್ಗೆ ಬರೆಯುವವರು ಕಡಿಮೆ. ಗ್ಲಾಮರ್ ಗೊಂಬೆ ಎಂಬ ಹಣೆಪಟ್ಟಿ ಬಿದ್ದ ನಟಿಗೆ ಗಂಭೀರ ಪಾತ್ರ ಸಿಗದು, ಮದುವೆಯಾದ ನಟಿಗೆ ನಾಯಕಿಯ ಪಾತ್ರ ಸಿಗದು, ತಾಯಿಯಾದವಳಿಗೆ ಏನೂ ಸಿಗದು ಎಂಬುದು ಅಂದಿನ ವಾಡಿಕೆ. 1973ರಲ್ಲಿ 'ಬಾಬಿ' ಬರುವ ಹೊತ್ತಿಗೆ ಮದುವೆಯಾಗಿ ಹನ್ನೊಂದು ವರ್ಷಕ್ಕೂ ಮಿಕ್ಕಿ ತೆರೆಯಿಂದ ದೂರವುಳಿದ ಡಿಂಪಲ್ ಕಪಾಡಿಯಾ, ಮದುವೆಯ ಬೆನ್ನಿಗೇ ವೃತ್ತಿ ಬಿಟ್ಟ ನೀತು ಸಿಂಗ್, ಇವರೆಲ್ಲ ಆ ವಾಡಿಕೆಗೆ ತಲೆಬಾಗಿದವರು. ಶರ್ಮಿಳಾ ಅವರ 'ಆರಾಧನಾ' ಬಂದದ್ದು ಮದುವೆಯಾದ ಮರುವರ್ಷ, 1969ರಲ್ಲಿ. ಗುಡಿಯಲ್ಲಿ ಗುಟ್ಟಾಗಿ ಮದುವೆಯಾಗಿ, ಮಳೆಯ ರಾತ್ರಿಯೊಂದರ ಸಮಾಗಮದಿಂದ ಗರ್ಭಿಣಿಯಾಗಿ, ಗಂಡನನ್ನು ಕಳೆದುಕೊಂಡು, ಲೋಕದ ಕಣ್ಣಿಗೆ ಅವಿವಾಹಿತ ತಾಯಿಯಾಗಿ ಉಳಿಯುವ ವಂದನಾಳ ಕಥೆ ಅದು. ಆ ರಾತ್ರಿಯ ಹಾಡನ್ನು ಒಂದೇ ಓಟದಲ್ಲಿ ಚಿತ್ರಿಸಿದ್ದಾರೆ. ಕ್ಯಾಮೆರಾ ಇಬ್ಬರ ಸುತ್ತ ಸುಳಿಯುತ್ತದೆ, ಅವಳ ಮುಖದಲ್ಲಿ ಬಯಕೆ ಅವನ ಮುಖದಲ್ಲಿದ್ದಷ್ಟೇ ಇದೆ. ಬಯಸಿದ ಹೆಣ್ಣು ಖಳನಾಯಕಿಯಾಗಬೇಕಿಲ್ಲ ಎಂದು ಒಪ್ಪಿಕೊಂಡ ಆ ಚಿತ್ರ ಮುಂದೆ ಅವಳಿಗೆ ಬಿಳಿ ಸೀರೆ, ಆಯಾ ಕೆಲಸ, ಸೆರೆಮನೆ ಎಲ್ಲವನ್ನೂ ಕೊಟ್ಟು ಬಡ್ಡಿ ಸಮೇತ ವಸೂಲಿ ಮಾಡುತ್ತದೆ ಎನ್ನುವುದೂ ನಿಜ. ಆದರೂ ಪ್ರೇಕ್ಷಕರು ಕಣ್ಣೀರಿಟ್ಟದ್ದು ವಂದನಾಳ ಪರವಾಗಿ. ಆ ಪಾತ್ರಕ್ಕಾಗಿ, ಮೂರು ವರ್ಷಗಳ ಹಿಂದೆ ಮುಖಪುಟ ಪ್ರಕಟಿಸಿದ ಅದೇ ಪತ್ರಿಕೆಯ ಶ್ರೇಷ್ಠ ನಟಿ ಪ್ರಶಸ್ತಿ ಅವರಿಗೆ ಬಂತು. 1970ರಲ್ಲಿ ತಾಯಿಯಾದ ಮೇಲೂ 'ಅಮರ್ ಪ್ರೇಮ್', 'ದಾಗ್', 'ಚುಪ್ಕೆ ಚುಪ್ಕೆ' ಬಂದವು. 'ಮೌಸಮ್'ನ ತಾಯಿ ಮತ್ತು ವೇಶ್ಯೆಯಾದ ಮಗಳ ದ್ವಿಪಾತ್ರಕ್ಕೆ ರಾಷ್ಟ್ರ ಪ್ರಶಸ್ತಿ ಸಂದಿತು. ಗೆರೆ ದಾಟಿದವಳಿಗೆ ಶಿಕ್ಷೆ ತಪ್ಪದು ಎಂದು ಸಿನಿಮಾಗಳು ಹೇಳುತ್ತಲೇ ಇದ್ದವು, ಗೆರೆ ದಾಟಿದ ನಟಿ ಮಾತ್ರ ಸಂಸಾರ, ವೃತ್ತಿ, ಮನ್ನಣೆ ಮೂರನ್ನೂ ಉಳಿಸಿಕೊಂಡು ಎಲ್ಲರ ಕಣ್ಣೆದುರೇ ಬದುಕಿದರು. ನೀವು ಕೇಳಿದ 'ಹೆಣ್ಣಿಗೆ ಸಿಕ್ಕಿದ್ದೇನು' ಎಂಬ ಪ್ರಶ್ನೆಗೆ ನಾನು ಕೊಡಬಲ್ಲ ಉತ್ತರ ಇದು. ಹೀಗೂ ಬದುಕಬಹುದು ಎಂಬುದಕ್ಕೆ ಕಣ್ಣಿಗೆ ಕಾಣುವ ಒಂದು ಉದಾಹರಣೆ ಸಿಕ್ಕಿತು.

ಇನ್ನು ಜಯಂತಿಯವರ ಮಾತು. ನೀವು ಹೇಳಿದ್ದು ಸರಿ, ಎಂ. ಆರ್. ವಿಠ್ಠಲ್ ನಿರ್ದೇಶನದ 'ಮಿಸ್ ಲೀಲಾವತಿ' 1965ರ ಚಿತ್ರ, ಫಿಲ್ಮ್‌ಫೇರ್ ಮುಖಪುಟಕ್ಕಿಂತ ಒಂದು ವರ್ಷ ಮೊದಲಿನದು. ಬಳ್ಳಾರಿಯಲ್ಲಿ ಹುಟ್ಟಿದ ಕಮಲಾಕುಮಾರಿ ಜಯಂತಿಯಾಗಿ 'ಜೇನುಗೂಡು' ಚಿತ್ರದಿಂದ ಬೆಳಕಿಗೆ ಬಂದು ಆಗಿನ್ನೂ ಎರಡೇ ವರ್ಷವಾಗಿತ್ತು. ಮದುವೆಗೆ ಮೊದಲಿನ ಸಂಬಂಧದಂಥ ವಿಷಯವನ್ನು ಎತ್ತಿಕೊಂಡ ಆ ಚಿತ್ರದಲ್ಲಿ ಅವರು ಸ್ಕರ್ಟ್, ಟೀ ಶರ್ಟ್, ನೈಟಿ ತೊಟ್ಟರು, ಈಜುಡುಗೆಯನ್ನೂ ತೊಟ್ಟರು; ಕನ್ನಡ ತೆರೆಯ ಮೇಲೆ ಹಾಗೆ ಕಾಣಿಸಿಕೊಂಡ ಮೊದಲ ನಾಯಕಿ ಎಂದೇ ಅವರನ್ನು ಹೇಳುತ್ತಾರೆ. ಕುವೆಂಪು ಅವರ 'ದೋಣಿ ಸಾಗಲಿ ಮುಂದೆ ಹೋಗಲಿ' ಕವಿತೆ ಹಾಡಾಗಿ ಮನೆಮನೆ ತಲುಪಿದ್ದೂ ಇದೇ ಚಿತ್ರದಿಂದ ಎಂಬುದನ್ನು, ಸಂಸ್ಕೃತಿಯೇ ಹಾಳಾಯಿತು ಎಂದು ಮೂಗು ಮುರಿಯುವವರಿಗೆ ನೆನಪಿಸುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಹಾಗಾದರೆ ಅವರ ಹೆಸರು ಈ ಚರ್ಚೆಯಲ್ಲಿ ಏಕೆ ಬರುವುದಿಲ್ಲ? ಒಂದು ಕಾರಣ ತೀರ ಸರಳ: ಇಂಗ್ಲಿಷಿನಲ್ಲಿ, ಮುಂಬಯಿಯಿಂದ ಹೊರಡುವ ಪತ್ರಿಕೆಯಲ್ಲಿ ಆದದ್ದು ದೇಶದ ಸುದ್ದಿ, ಗಾಂಧಿನಗರದ ಚಿತ್ರಮಂದಿರದಲ್ಲಿ ಆದದ್ದು ಪ್ರಾದೇಶಿಕ ಸುದ್ದಿ. ಇನ್ನೊಂದು ಕಾರಣ ನಾನು ಮೇಲೆ ಹೇಳಿದ ಭೇದದಲ್ಲೇ ಇದೆ. ಜಯಂತಿಯವರ ಈಜುಡುಗೆ ಲೀಲಾವತಿ ಎಂಬ ಪಾತ್ರದ್ದು. ಅದನ್ನು ಕಥೆಯ ಹೊಣೆಗೆ ಹಚ್ಚಿ ಪ್ರೇಕ್ಷಕರು ನಟಿಯನ್ನು ಬಿಡುಗಡೆ ಮಾಡಿದರು. ಬಿಡುಗಡೆ ಮಾಡಿದ್ದಷ್ಟೇ ಅಲ್ಲ, 1972ರಲ್ಲಿ ಪುಟ್ಟಣ್ಣ ಕಣಗಾಲ್ ಅವರ 'ನಾಗರಹಾವು' ಚಿತ್ರದಲ್ಲಿ ಕಚ್ಚೆ ಬಿಗಿದು ಒನಕೆ ಎತ್ತಿದ ಓಬವ್ವನನ್ನೂ ಅವರಲ್ಲೇ ಕಂಡರು. ಇಂದಿಗೂ ಚಿತ್ರದುರ್ಗದ ಓಬವ್ವ ಎಂದರೆ ನಮ್ಮಲ್ಲಿ ಅನೇಕರ ಕಣ್ಣಿಗೆ ಕಟ್ಟುವುದು ಜಯಂತಿಯವರ ಮುಖ. ಮರುವರ್ಷವೇ ಭಾರತೀಸುತರ ಕಾದಂಬರಿಯನ್ನು ಆಧರಿಸಿದ 'ಎಡಕಲ್ಲು ಗುಡ್ಡದ ಮೇಲೆ' ಚಿತ್ರದಲ್ಲಿ, ಯುದ್ಧದಲ್ಲಿ ಗಾಯಗೊಂಡು ದಾಂಪತ್ಯಸುಖಕ್ಕೆ ಅಸಮರ್ಥನಾದ ಸೈನಿಕನ ಹೆಂಡತಿ ಮಾಧವಿಯಾಗಿ, ಮೈಯ ಹಸಿವನ್ನು ಮುಚ್ಚಿಡದೆ ಅಭಿನಯಿಸಿದರು. ಮಾಧವಿಗೆ ಕಥೆ ಸುಖದ ಕೊನೆಯನ್ನು ಕೊಡುವುದಿಲ್ಲ, ಆದರೆ ಅವಳನ್ನು ಕುಲಟೆ ಎಂದು ಕರೆದು ಕೈತೊಳೆದುಕೊಳ್ಳಲೂ ನೋಡುಗನನ್ನು ಬಿಡುವುದಿಲ್ಲ. ಆ ಅಭಿನಯಕ್ಕೆ ರಾಜ್ಯ ಪ್ರಶಸ್ತಿ ಬಂತು. ಲೀಲಾವತಿ, ಓಬವ್ವ, ಮಾಧವಿ ಎಂಬ ಈ ಮೂರು ಹೆಣ್ಣುಗಳನ್ನು ಎಂಟೇ ವರ್ಷಗಳಲ್ಲಿ ಒಬ್ಬಳೇ ನಟಿಯಲ್ಲಿ ಒಪ್ಪಿಕೊಂಡು ಅವರಿಗೆ 'ಅಭಿನಯ ಶಾರದೆ' ಎಂಬ ಬಿರುದನ್ನೂ ಕೊಟ್ಟ ಕನ್ನಡ ಪ್ರೇಕ್ಷಕರು, ಸಂಸತ್ತಿನಲ್ಲಿ ಪ್ರಶ್ನೆ ಎತ್ತಿದವರಿಗಿಂತ ಉದಾರಿಗಳಾಗಿದ್ದರು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಇದಕ್ಕೆ ಶಾರದೆಯ ಪೀಠವೇ ಬೇಕಿತ್ತೆ ಎಂಬುದು ಬೇರೆ ಪ್ರಶ್ನೆ. 'ದೇವಿ'ಯ ಆ ಪಾದಗಳನ್ನು ನೋಡಿದ ಮೇಲೆ ಇಂಥ ಬಿರುದುಗಳ ಬಗ್ಗೆ ನನಗೆ ಸ್ವಲ್ಪ ಸಂಕೋಚ.

ನಿಮ್ಮ ಆಕ್ಷೇಪದಲ್ಲಿ ಅತ್ಯಂತ ಬಲವಾದ ಭಾಗವನ್ನು ಈಗ ಎತ್ತಿಕೊಳ್ಳುತ್ತೇನೆ. ಮಾರಾಟವಾದದ್ದು ಪತ್ರಿಕೆಯೇ ಅಲ್ಲವೇ ಎಂದಿರಿ. ಹೌದು. ಹೆಣ್ಣಿನ ದಿಟ್ಟತನವೂ ಮಾರಾಟದ ಸರಕಾಗಬಲ್ಲದು ಎಂಬುದನ್ನು ಉದ್ಯಮ ಬಹುಬೇಗ ಕಲಿತಿತು. 1971ರಲ್ಲಿ 'ಹರೇ ರಾಮ ಹರೇ ಕೃಷ್ಣ' ಚಿತ್ರದಿಂದ ಜೀನತ್ ಅಮಾನ್, ಅವರ ಹಿಂದೆಯೇ ಪರ್ವೀನ್ ಬಾಬಿ ಬಂದ ಮೇಲೆ ಬೆಡಗಿಯ ಉಡುಗೆ, ಕುಣಿತ, ಸಿಗರೇಟು ಎಲ್ಲವೂ ನಾಯಕಿಯದೇ ಆದವು. ಕ್ಲಬ್ಬಿನ ನರ್ತಕಿಯ ಪಾತ್ರಗಳೇ ಕ್ರಮೇಣ ಕಡಿಮೆಯಾಗಿ ಹೆಲೆನ್ ಅವರಂಥವರ ಕೆಲಸಕ್ಕೆ ಕತ್ತರಿ ಬಿತ್ತು. ಗೆರೆಯ ಆಚೆ ಬದಿಯ ಬಣ್ಣ ಈಚೆ ಬದಿಗೆ ಬಂತು, ಆಚೆ ಬದಿಯಲ್ಲಿದ್ದ ಹೆಂಗಸರು ಈಚೆಗೆ ಬರಲಿಲ್ಲ. ಮುಂದೆ ಜಾಹೀರಾತು, ಪೋಸ್ಟರುಗಳಲ್ಲಿ ಹೆಣ್ಣಿನ ದೇಹ ಬಳಕೆಯಾದ ರೀತಿಯನ್ನು ವಿರೋಧಿಸಿ ಮಹಿಳಾ ಸಂಘಟನೆಗಳೇ ಬೀದಿಗಿಳಿದವು. 1986ರಲ್ಲಿ ಮಹಿಳೆಯರ ಅಸಭ್ಯ ಚಿತ್ರಣವನ್ನು ನಿಷೇಧಿಸುವ ಕಾಯ್ದೆ ಬಂತು. ಅವರ ಆಕ್ಷೇಪ 1966ರವರ ಆಕ್ಷೇಪಕ್ಕಿಂತ ಬೇರೆ ನೆಲೆಯದು. 1966ರವರು ಕೇಳಿದ್ದು ಈ ಹುಡುಗಿಗೆ ಎಷ್ಟು ಧೈರ್ಯ ಎಂದು. 1980ರ ದಶಕದ ಹೆಂಗಸರು ಕೇಳಿದ್ದು ಈ ಚಿತ್ರದಿಂದ ದುಡ್ಡು ಮಾಡಿಕೊಳ್ಳುವವರು ಯಾರು ಎಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು.

ಇದಕ್ಕಿಂತ ಕಹಿಯಾದ ಮಿತಿ ಇನ್ನೊಂದಿದೆ. ಶರ್ಮಿಳಾ ಅವರಿಗೆ ಗೆರೆ ದಾಟಿ ವಾಪಸು ಬರಲು ಸಾಧ್ಯವಾದದ್ದರಲ್ಲಿ ಅವರ ಪ್ರತಿಭೆಯ ಜೊತೆಗೆ ಟ್ಯಾಗೋರ್ ಎಂಬ ಮನೆತನದ ಹೆಸರು, ರಾಯ್ ಅವರ ಚಿತ್ರಗಳ ಪ್ರತಿಷ್ಠೆ, ಇಂಗ್ಲಿಷ್ ಶಿಕ್ಷಣ, ಮುಂದೆ ಪಟೌಡಿ ಮನೆತನ, ಇವೆಲ್ಲದರ ಪಾಲೂ ಇದೆ. ಈ ಬೆಂಬಲಗಳಲ್ಲಿ ಒಂದೂ ಇಲ್ಲದ ಹೆಣ್ಣಿಗೆ ಏನಾಯಿತು ಎಂಬುದನ್ನು ನೋಡಲು ದೂರ ಹೋಗಬೇಕಿಲ್ಲ. ಆಂಧ್ರದ ಏಲೂರಿನ ಕಡೆಯ ಬಡ ಕುಟುಂಬದ ವಿಜಯಲಕ್ಷ್ಮಿ ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟು, 1980ರ ನಂತರ ಸಿಲ್ಕ್ ಸ್ಮಿತಾ ಆಗಿ ದಕ್ಷಿಣದ ಎಲ್ಲ ಭಾಷೆಗಳಲ್ಲೂ ನಟಿಸಿದರು. 'ಹಳ್ಳಿ ಮೇಷ್ಟ್ರು' ಚಿತ್ರದಿಂದ ಕನ್ನಡಿಗರಿಗೂ ಅವರು ಚಿರಪರಿಚಿತರು. ಅವರ ಒಂದು ಹಾಡು ಸೇರಿಸಿದರೆ ಚಿತ್ರ ಮಾರಾಟವಾಗುತ್ತದೆ ಎಂದು ನಿರ್ಮಾಪಕರು ಕಾಲ್‌ಶೀಟಿಗೆ ಕಾದು ನಿಂತರು. 'ಮೂನ್ರಾಂ ಪಿರೈ' ಚಿತ್ರದಲ್ಲಿ ವಯಸ್ಸಾದ ಗಂಡನ ಮನೆಯಲ್ಲಿ ಬೇಯುವ ಹೆಂಡತಿಯ ಪಾತ್ರದಲ್ಲಿ ಅವರ ಕಣ್ಣುಗಳನ್ನು ಗಮನಿಸಿದವರಿಗೆ ಅವರೊಬ್ಬ ನಟಿ ಎಂಬುದು ತಿಳಿಯದೆ ಇರದು. ಆದರೂ ಅವರಿಗಾಗಿ ಯಾರೂ ಒಬ್ಬ ವಂದನಾಳನ್ನೋ ಮಾಧವಿಯನ್ನೋ ಬರೆಯಲಿಲ್ಲ. 1996ರ ಸೆಪ್ಟೆಂಬರಿನಲ್ಲಿ, ಮೂವತ್ತಾರೂ ತುಂಬುವ ಮೊದಲೇ, ಚೆನ್ನೈನ ಮನೆಯಲ್ಲಿ ಶವವಾಗಿ ಪತ್ತೆಯಾದರು. ನಮ್ಮ ಕೆಲವು ಸಿನಿಮಾ ಪುಟಗಳು ಇಂದಿಗೂ ನಟಿಯರನ್ನು 'ಬಿಚ್ಚಮ್ಮ' ಎಂದು ಗೇಲಿ ಮಾಡುವಾಗ ಆ ಗೇಲಿ ಯಾವ ನಟಿಯರ ಮೇಲೆ ಬೀಳುತ್ತದೆ, ಯಾರ ಮೇಲೆ ಬೀಳುವುದಿಲ್ಲ ಎಂದು ಗಮನಿಸಿ. ಮನೆತನ ಮತ್ತು ಜಾತಿಯ ಲೆಕ್ಕ ಅಲ್ಲಿ ಕಣ್ಣಿಗೆ ರಾಚುತ್ತದೆ.

ಶರ್ಮಿಳಾ ಆ ಮುಖಪುಟದ ಬಗ್ಗೆ ಮುಂದೆ ಏನೆಂದುಕೊಂಡರು ಎಂಬ ಕುತೂಹಲ ನಿಮಗಿದ್ದೀತು. ತಮ್ಮನ್ನು ಗಂಭೀರವಾಗಿ ತೆಗೆದುಕೊಳ್ಳಬೇಕಾದರೆ ಬಿಂಬದ ಬಗ್ಗೆ ಎಚ್ಚರವಿರಬೇಕು ಎಂಬುದನ್ನು ಆ ಗದ್ದಲದಿಂದ ಕಲಿತದ್ದಾಗಿ ಅವರು ಹೇಳಿದ್ದಾರೆ, 'ಆರಾಧನಾ'ದಂಥ ಪಾತ್ರಗಳತ್ತ ತಿರುಗಿದ್ದರ ಹಿಂದೆ ಆ ಎಚ್ಚರವೂ ಇತ್ತು. ಕೆಲವರು ಇದನ್ನು ಹಿಂದೆ ಸರಿದದ್ದು ಎಂದು ಓದುತ್ತಾರೆ. ಆ ಚಿತ್ರ ತೆಗೆಸಿಕೊಳ್ಳುವ ತೀರ್ಮಾನ ಅವರದಾಗಿದ್ದ ಹಾಗೆ ಮುಂದೆ ಬೇರೆ ದಾರಿ ಹಿಡಿಯುವ ತೀರ್ಮಾನವೂ ಅವರದೇ ಆಗಿತ್ತು ಎಂದು ನಾನು ಓದುತ್ತೇನೆ. 2004ರಲ್ಲಿ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಗೆ ಸರ್ಕಾರ ಅವರನ್ನೇ ಅಧ್ಯಕ್ಷೆಯಾಗಿ ನೇಮಿಸಿತು. ತೆರೆಯ ಮೇಲೆ ಹೆಣ್ಣಿನ ಮೈ ಎಷ್ಟು ಕಾಣಬಹುದು ಎಂಬ ವಾದ ವಿವಾದಗಳಿಗೆ ತೀರ್ಪು ಹೇಳುವ ಆ ಕುರ್ಚಿಯಲ್ಲಿ ಅವರು 2011ರವರೆಗೆ ಕುಳಿತರು.